ನಡೆಯುವಾಗ ಬಿ.ಪಿ. ಏರಲೇಬೇಕು

"ಡಾಕ್ಟ್ರೇ, ವಾಕಿಂಗ್ ನಿಲ್ಲಿಸಿಬಿಟ್ಟಿದ್ದೀನಿ" ಎಂದು ಕುರ್ಚಿಯಲ್ಲಿ ಕೂರುತ್ತಲೇ ಮೇಷ್ಟ್ರು ಹೇಳಿದರು. ಅವರು ನಿವೃತ್ತರಾಗಿ ಆರು ವರ್ಷವಾಗಿದೆ. ರಕ್ತದೊತ್ತಡಕ್ಕೆ ದಿನಾ ಒಂದು ಮಾತ್ರೆ ನುಂಗುತ್ತಾರೆ. ಮೈಸೂರಿನ ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ಬೆಳಿಗ್ಗೆ ನಡೆಯುವವರಿಗೆಲ್ಲ ಅವರ ಪರಿಚಯವಿದೆ. ಮಳೆ ಬಂದರೆ ಕೊಡೆ ಹಿಡಿದಾದರೂ ಒಂದು ಸುತ್ತು ಹಾಕುತ್ತಿದ್ದವರು. ಅಂಥವರು ಒಂದು ತಿಂಗಳಿಂದ ಮನೆ ಬಿಟ್ಟು ಹೊರಟಿಲ್ಲ.

ಕಾರಣ ಕೇಳಿದೆ. ಬೆಂಗಳೂರಿನಲ್ಲಿರುವ ಮಗ ಪ್ರೀತಿಯಿಂದ ಒಂದು ಬಿ.ಪಿ. ಯಂತ್ರ ತಂದುಕೊಟ್ಟಿದ್ದಾನೆ. ಒಂದು ದಿನ ಮೇಷ್ಟ್ರು ವಾಕಿಂಗ್ ಮುಗಿಸಿ ಬಂದವರೇ ಚಪ್ಪಲಿ ಬಿಟ್ಟು, ತೋಳಿಗೆ ಪಟ್ಟಿ ಸುತ್ತಿ ಗುಂಡಿ ಒತ್ತಿದ್ದಾರೆ. ಯಂತ್ರ 168/82 ಎಂದಿದೆ, ನಾಡಿ 112. ಹೊರಡುವ ಮುಂಚೆ ನೋಡಿಕೊಂಡಾಗ 132/80 ಇತ್ತು. ಮರುದಿನವೂ ಇದೇ ಕತೆ. "ಮಾತ್ರೆ ನುಂಗಿ ಇಳಿಸಿದ್ದನ್ನ ನಡೆದು ಏರಿಸಿಕೊಳ್ಳೋದು ಯಾವ ಜಾಣತನ ಹೇಳಿ?" ಎಂಬುದು ಅವರ ಪ್ರಶ್ನೆ. ಅಂದು ನಾನು ನೋಡಿದಾಗ ತೂಕ ಎರಡು ಕಿಲೊ ಹೆಚ್ಚಿತ್ತು. ಸುಮ್ಮನೆ ಕೂತಿದ್ದಾಗಲೇ ಒತ್ತಡ 144/88 ಇತ್ತು. ಹೆದರಿ ಮನೆಯಲ್ಲಿ ಕೂತದ್ದರ ಫಲ ಇಷ್ಟೇ.

"ಮೇಷ್ಟ್ರೇ, ನಡೆದು ಬಂದ ಕೂಡಲೇ ನಿಮ್ಮ ಬಿ.ಪಿ. 132ರಲ್ಲೇ ನಿಂತಿದ್ದರೆ ನಾನು ಹೆದರುತ್ತಿದ್ದೆ" ಎಂದೆ. ಅವರು ನನ್ನನ್ನು ಅನುಮಾನದಿಂದಲೇ ನೋಡಿದರು. ಓದುಗರಾದ ನಿಮಗೂ ಅದೇ ಅನುಮಾನ ಬಂದಿರಬಹುದು. ಅದಕ್ಕಾಗಿಯೇ ಈ ವಾರ ಈ ವಿಷಯ.

2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರ್ ತಮ್ಮ 46ನೆಯ ವಯಸ್ಸಿನಲ್ಲಿ ಹೃದಯಾಘಾತದಿಂದ ತೀರಿಕೊಂಡಾಗ ಇಡೀ ನಾಡು ಕಣ್ಣೀರಿಟ್ಟಿತು. ಅದರ ಬೆನ್ನಿಗೇ ಹೃದಯ ತಪಾಸಣೆಗಾಗಿ ಜನ ಆಸ್ಪತ್ರೆಗಳ ಮುಂದೆ ಸಾಲುಗಟ್ಟಿದರು. ತಪಾಸಣೆ ಮಾಡಿಸಿಕೊಂಡದ್ದು ಒಳ್ಳೆಯದೇ. ಆದರೆ ಅದರ ಜೊತೆಗೆ 'ಮೈ ದಣಿಸಿದರೆ ಹೃದಯಕ್ಕೆ ಅಪಾಯ' ಎಂಬ ಮಾತೂ ಮನೆಮನೆ ಸೇರಿಕೊಂಡಿತು. ಈ ಹೆದರಿಕೆ ತಪ್ಪು ದಿಕ್ಕಿಗೆ ತಿರುಗಿದೆ ಎಂಬುದು ನನ್ನ ಅಭಿಪ್ರಾಯ. ವ್ಯಾಯಾಮದಲ್ಲಿ ನಾಡಿ, ಒತ್ತಡ ಏರುವುದಕ್ಕೆ ನಾವು ಹೆದರಬೇಕಾಗಿಲ್ಲ. ಹೆದರಬೇಕಾದದ್ದು ನಮ್ಮ ಅವಸರಕ್ಕೆ. ಏಕೆಂದು ತಿಳಿಯಬೇಕಾದರೆ ಒಳಗೆ ನಡೆಯುವ ವ್ಯವಹಾರವನ್ನು ಒಮ್ಮೆ ನೋಡಬೇಕು.

ಹೆಜ್ಜೆ ಇಡುವ ಮೊದಲೇ

ಚಾಮುಂಡಿ ಬೆಟ್ಟದ ಬುಡದಲ್ಲಿ ನೀವು ನಿಂತಿದ್ದೀರಿ ಎಂದುಕೊಳ್ಳಿ. ಎದುರಿಗೆ ಸಾವಿರ ಮೆಟ್ಟಿಲು. ಇನ್ನೂ ಮೊದಲ ಮೆಟ್ಟಿಲಿಗೆ ಕಾಲಿಟ್ಟಿಲ್ಲ, ಆಗಲೇ ನಾಡಿ ಸ್ವಲ್ಪ ಚುರುಕಾಗಿರುತ್ತದೆ. ಕಾಲೆತ್ತಿದ ಮರುಕ್ಷಣವೇ, ಒಂದೆರಡು ಬಡಿತಗಳಲ್ಲೇ ಅದು ಮತ್ತಷ್ಟು ಏರುತ್ತದೆ. ಕಾಲಿನ ಸ್ನಾಯು ದಣಿದು 'ರಕ್ತ ಸಾಲದು' ಎಂದು ಕೇಳುವುದಕ್ಕೆ ಇನ್ನೂ ಸಮಯವೇ ಆಗಿಲ್ಲ. ಹಾಗಾದರೆ ಹೃದಯಕ್ಕೆ ಸುದ್ದಿ ಕೊಟ್ಟವರು ಯಾರು?

1913ರಲ್ಲಿ ಡೆನ್ಮಾರ್ಕಿನ ಆಗಸ್ಟ್ ಕ್ರೋಗ್ ಮತ್ತು ಯೋಹಾನೆಸ್ ಲಿಂಡ್‌ಹಾರ್ಡ್ ಇದೇ ಪ್ರಶ್ನೆ ಕೇಳಿಕೊಂಡರು. ಇವರಲ್ಲಿ ಕ್ರೋಗ್ ಮುಂದೆ 1920ರಲ್ಲಿ ನೊಬೆಲ್ ಪ್ರಶಸ್ತಿ ಪಡೆದವರು. ಅವರು ಕಂಡುಕೊಂಡ ಉತ್ತರ ಇದು: 'ನಡೆ' ಎಂದು ಕಾಲಿಗೆ ಅಪ್ಪಣೆ ಕೊಡುವ ಮಿದುಳು, ಅದೇ ಹೊತ್ತಿಗೆ ಹೃದಯಕ್ಕೂ ಉಸಿರಾಟಕ್ಕೂ 'ಸಿದ್ಧವಾಗು' ಎಂದು ಹೇಳಿಕಳುಹಿಸುತ್ತದೆ. ಮನೆಗೆ ನೆಂಟರು ಬರುವ ಮೊದಲೇ ಒಲೆಯ ಮೇಲೆ ಎಸರಿಟ್ಟ ಹಾಗೆ.

ಈ ಅಪ್ಪಣೆ ಹೃದಯವನ್ನು ಮುಟ್ಟುವ ರೀತಿಯೂ ಸ್ವಾರಸ್ಯವಾಗಿದೆ. ನಾವು ವಿಶ್ರಾಂತಿಯಲ್ಲಿರುವಾಗ ವೇಗಸ್ ಎಂಬ ನರ ಹೃದಯದ ಲಗಾಮನ್ನು ಸದಾ ಹಿಡಿದುಕೊಂಡಿರುತ್ತದೆ. ಅದರಿಂದಲೇ ನಾಡಿ ನಿಮಿಷಕ್ಕೆ 70ರ ಆಸುಪಾಸಿನಲ್ಲಿರುತ್ತದೆ. ನಡೆಯತೊಡಗಿದಾಗ ಮಿದುಳು ಮೊದಲು ಮಾಡುವ ಕೆಲಸ ಈ ಲಗಾಮನ್ನು ಸಡಿಲಿಸುವುದು. ನಾಡಿ 100ರ ತನಕ ಏರುವುದು ಬಹುಮಟ್ಟಿಗೆ ಇದರಿಂದಲೇ. ಅದಕ್ಕೂ ಮೇಲೆ ಬೇಕಾದರೆ ಅನುವೇದನಾ ನರಗಳು ಕೆಲಸಕ್ಕಿಳಿದು ಹೃದಯವನ್ನು ಹುರಿದುಂಬಿಸುತ್ತವೆ.

ಸ್ನಾಯುಗಳ ದೂರು

ಈಗ ನೀವು ನೂರು ಮೆಟ್ಟಿಲು ಹತ್ತಿದ್ದೀರಿ. ತೊಡೆ, ಮೀನಖಂಡದ ಸ್ನಾಯುಗಳಿಗೆ ಆಮ್ಲಜನಕ ಬೇಕು. ಅಲ್ಲಿನ ರಕ್ತನಾಳಗಳು ಅರಳಿಕೊಳ್ಳುತ್ತವೆ. ಸುಮ್ಮನೆ ಕೂತಿರುವಾಗ ಹೃದಯ ನಿಮಿಷಕ್ಕೆ ಸುಮಾರು 5 ಲೀಟರ್ ರಕ್ತ ಹೊರಕ್ಕೆ ತಳ್ಳುತ್ತದೆ. ಅದರಲ್ಲಿ ಐದರಲ್ಲೊಂದು ಪಾಲು ಮಾತ್ರ ಸ್ನಾಯುಗಳಿಗೆ ಹೋಗುತ್ತದೆ. ಆರೋಗ್ಯವಂತನೊಬ್ಬ ಶಕ್ತಿ ಮೀರಿ ಓಡುವಾಗ ಈ 5 ಲೀಟರ್ 20 ಲೀಟರ್ ದಾಟುತ್ತದೆ, ಅದರಲ್ಲಿ ಐದರಲ್ಲಿ ನಾಲ್ಕು ಪಾಲು ಸ್ನಾಯುಗಳಿಗೇ ಸಲ್ಲುತ್ತದೆ.

ಇಲ್ಲೊಂದು ತೊಡಕಿದೆ. ಬೀದಿಯ ಎಲ್ಲ ಮನೆಗಳಲ್ಲೂ ಒಟ್ಟಿಗೆ ನಲ್ಲಿ ತಿರುಗಿಸಿದರೆ ಏನಾಗುತ್ತದೆಂದು ನಿಮಗೆ ಗೊತ್ತು. ಎತ್ತರದಲ್ಲಿರುವ ಮನೆಗೆ ನೀರು ಏರುವುದಿಲ್ಲ. ದೇಹದಲ್ಲಿ ಎತ್ತರದ ಮನೆ ಎಂದರೆ ಮಿದುಳು. ಕಾಲಿನ ನಲ್ಲಿಗಳೆಲ್ಲ ತೆರೆದಾಗ ಒತ್ತಡ ಕುಸಿದರೆ ನೀವು ಮೆಟ್ಟಿಲ ಮೇಲೆಯೇ ತಲೆ ಸುತ್ತಿ ಬೀಳಬೇಕು. ಹಾಗಾಗದಂತೆ ಅನುವೇದನಾ ನರಗಳು ಹೊಟ್ಟೆ, ಕರುಳು, ಮೂತ್ರಪಿಂಡಗಳ ಕಡೆಯ ನಲ್ಲಿಗಳನ್ನು ಬಿಗಿಮಾಡುತ್ತವೆ, ಹೃದಯ ಬಿರುಸಾಗಿ ತಳ್ಳುತ್ತದೆ, ಒತ್ತಡ ಏರುತ್ತದೆ. ಮೇಷ್ಟ್ರ ಯಂತ್ರ ತೋರಿಸಿದ 168 ಇದೇ. ಊಟವಾದ ಕೂಡಲೇ ಓಡಬಾರದು ಎಂದು ಹಿರಿಯರು ಹೇಳುತ್ತಿದ್ದುದಕ್ಕೂ ಇದೇ ಅರ್ಥ. ಅರಗಿಸುವ ಕರುಳಿಗೂ ಓಡುವ ಕಾಲಿಗೂ ಒಂದೇ ಹೊತ್ತಿಗೆ ನೀರು ಬಿಡುವುದು ಕಷ್ಟ.

ಎಷ್ಟು ಒತ್ತಡ ಸಾಕು ಎಂದು ಮಿದುಳಿಗೆ ಹೇಗೆ ತಿಳಿಯಬೇಕು? ಸ್ನಾಯುಗಳೇ ದೂರು ಕೊಡುತ್ತವೆ. 1937ರಲ್ಲಿ ಆಲಂ ಮತ್ತು ಸ್ಮರ್ಕ್ ಎಂಬ ಇಬ್ಬರು ವಿಜ್ಞಾನಿಗಳು ಇದನ್ನು ಸರಳವಾದ ಒಂದು ಪ್ರಯೋಗದಿಂದ ತೋರಿಸಿದರು. ಬಿ.ಪಿ. ಪಟ್ಟಿಯಂಥದೇ ಪಟ್ಟಿ ಕಟ್ಟಿ ಕೈಕಾಲಿನ ರಕ್ತ ಸಂಚಾರ ತಡೆದು, ಆ ಭಾಗದ ಸ್ನಾಯುಗಳಿಂದ ಕೆಲಸ ಮಾಡಿಸಿದರು. ಒತ್ತಡ ಏರಿತು. ಕೆಲಸ ನಿಲ್ಲಿಸಿದ ಮೇಲೂ ಪಟ್ಟಿ ಬಿಚ್ಚದಿದ್ದರೆ ಒತ್ತಡ ಇಳಿಯಲೇ ಇಲ್ಲ! ಪಟ್ಟಿ ಬಿಚ್ಚಿದರು, ಸರ್ರನೆ ಇಳಿಯಿತು. ದುಡಿದ ಸ್ನಾಯುವಿನಲ್ಲಿ ಉಳಿದ ರಾಸಾಯನಿಕಗಳು ಅಲ್ಲೇ ಸಿಕ್ಕಿಕೊಂಡಿದ್ದು, ಸಣ್ಣ ನರತಂತುಗಳನ್ನು ಕೆಣಕುತ್ತ 'ರಕ್ತ ಸಾಲದು, ರಕ್ತ ಸಾಲದು' ಎಂದು ಮಿದುಳಿಗೆ ದೂರು ಹೇಳುತ್ತಲೇ ಇದ್ದವು. ಬಿಸಿ ಪಾತ್ರೆ ಮುಟ್ಟಿದಾಗ ಕೈ ತಾನಾಗಿ ಹಿಂದಕ್ಕೆ ಬರುತ್ತದಲ್ಲ, ಇದೂ ಅಂಥದೇ ಒಂದು ಪರಾವರ್ತಿತ ಪ್ರತಿಕ್ರಿಯೆ. ನಿಮ್ಮ ಒಪ್ಪಿಗೆಗಾಗಿ ಅದು ಕಾಯುವುದಿಲ್ಲ.

ಕತ್ತಿನಲ್ಲಿರುವ ಕಾವಲುಗಾರ

ಬರೀ ದೂರು ಕೇಳುತ್ತ ಹೋದರೆ ಒತ್ತಡ ಎಲ್ಲಿಗೆ ಮುಟ್ಟೀತು? ಅದಕ್ಕೊಂದು ಕಾವಲು ಬೇಕು. ಕತ್ತಿನ ಎರಡೂ ಪಕ್ಕಗಳಲ್ಲಿ ಮಿದುಳಿಗೆ ರಕ್ತ ಒಯ್ಯುವ ಕ್ಯಾರೊಟಿಡ್ ಅಪಧಮನಿ ಕವಲೊಡೆಯುವ ಜಾಗದಲ್ಲಿ, ಹೃದಯದಿಂದ ಹೊರಡುವ ಮಹಾಪಧಮನಿಯ ಕಮಾನಿನಲ್ಲಿ ಒತ್ತಡವನ್ನು ಅಳೆಯುವ ನರತುದಿಗಳಿವೆ. ಒತ್ತಡ ಹೆಚ್ಚಾಗಿ ನಾಳದ ಗೋಡೆ ಹಿಗ್ಗಿದರೆ ಇವು ಮಿದುಳಿಗೆ ವರದಿ ಕಳಿಸುತ್ತವೆ, ಹೃದಯ ನಿಧಾನವಾಗುತ್ತದೆ. ಒತ್ತಡ ತಗ್ಗಿದರೆ ಇದಕ್ಕೆ ವಿರುದ್ಧ. ಇದೇ ಜಾಗದಲ್ಲಿ ರಕ್ತದ ಆಮ್ಲಜನಕವನ್ನು ಗಮನಿಸುವ ನರತುದಿಗಳೂ ಇವೆ. ಉಸಿರಾಟದ ನಿಯಂತ್ರಣದಲ್ಲಿ ಈ ತಾಣಗಳ ಪಾತ್ರ ತೋರಿಸಿದ್ದಕ್ಕಾಗಿ ಬೆಲ್ಜಿಯಂನ ಕಾರ್ನೀಲ್ ಹೇಮನ್ಸ್ ಅವರಿಗೆ 1938ರ ನೊಬೆಲ್ ಪ್ರಶಸ್ತಿ ಬಂತು.

ವ್ಯಾಯಾಮದ ವೇಳೆ ಒತ್ತಡವೂ ಏರುತ್ತದೆ, ನಾಡಿಯೂ ಏರುತ್ತದೆ. ಅಂದಮೇಲೆ ಆಗ ಈ ಕಾವಲುಗಾರ ನಿದ್ದೆ ಮಾಡುತ್ತಾನೆ ಎಂದು ಬಹಳ ಕಾಲ ನಂಬಿದ್ದುಂಟು. ಅದು ಸರಿಯಲ್ಲವೆಂದು ಈಗ ಗೊತ್ತಾಗಿದೆ. ಅವನು ಎಚ್ಚರವಾಗಿಯೇ ಇರುತ್ತಾನೆ, ಕಾಯಬೇಕಾದ ಗಡಿ ಮಾತ್ರ ಮೇಲಕ್ಕೆ ಸರಿದಿರುತ್ತದೆ. ಮನೆಯಲ್ಲಿ ಕೂತಾಗ 130ನ್ನು ಕಾಯುವವನು ಮೆಟ್ಟಿಲ ಮೇಲೆ 170ನ್ನು ಕಾಯುತ್ತಾನೆ. ಅದನ್ನೂ ಮೀರಿದರೆ ತಡೆಯುತ್ತಾನೆ. ಆದ್ದರಿಂದ ಮೇಷ್ಟ್ರ ಯಂತ್ರದಲ್ಲಿ ಕಂಡ ಅಂಕಿ ದೇಹ ಹದ ತಪ್ಪಿದ್ದರ ಗುರುತಲ್ಲ, ಹೊಸ ಹದವನ್ನು ಕಾಯುತ್ತಿರುವುದರ ಗುರುತು.

ಇದರಲ್ಲೊಂದು ಎಚ್ಚರಿಕೆಯ ಮಾತೂ ಇದೆ. ನಾಡಿ ಎಣಿಸಲು ಕೆಲವರು ಕತ್ತನ್ನು ಬಲವಾಗಿ ಒತ್ತುತ್ತಾರೆ. ಕಾವಲುಗಾರನಿಗೆ ಅದು ಒತ್ತಡ ಏರಿದಂತೆ ಕಾಣುತ್ತದೆ, ನಾಡಿ ಇಳಿದು ತಲೆ ಸುತ್ತಬಹುದು. ವಯಸ್ಸಾದವರು ಮಣಿಕಟ್ಟಿನಲ್ಲೇ ನಾಡಿ ನೋಡಿಕೊಳ್ಳುವುದು ಕ್ಷೇಮ.

ಎಲ್ಲ ದಣಿವೂ ಒಂದೇ ಅಲ್ಲ

ನಡೆಯುವಾಗ, ಸೈಕಲ್ ತುಳಿಯುವಾಗ, ಈಜುವಾಗ ಬಿ.ಪಿ.ಯ ಮೇಲಿನ ಅಂಕಿ ಏರುತ್ತದೆ. ಕೆಳಗಿನ ಅಂಕಿ ಇದ್ದಲ್ಲೇ ಇರುತ್ತದೆ ಅಥವಾ ತುಸು ಇಳಿಯುತ್ತದೆ. ಏಕೆಂದರೆ ಸ್ನಾಯು ಬಿಗಿಯುತ್ತ ಸಡಿಲವಾಗುತ್ತ ಇರುವುದರಿಂದ ರಕ್ತ ಸರಾಗವಾಗಿ ಹರಿಯುತ್ತದೆ. ಭಾರವಾದ ವಸ್ತುವನ್ನು ಹಿಡಿದು ಹಾಗೇ ನಿಂತಾಗ ಕತೆ ಬೇರೆ. ಬಿಗಿದ ಸ್ನಾಯು ತನ್ನ ರಕ್ತನಾಳಗಳನ್ನು ತಾನೇ ಹಿಸುಕಿಕೊಳ್ಳುತ್ತದೆ. ಆಲಂ ಮತ್ತು ಸ್ಮರ್ಕ್ ಪಟ್ಟಿ ಕಟ್ಟಿ ಮಾಡಿದ್ದನ್ನು ನಾವು ಪಟ್ಟಿಯಿಲ್ಲದೆ ಮಾಡಿಕೊಂಡಂತೆ. ದೂರಿನ ಮೇಲೆ ದೂರು ಹೋಗುತ್ತದೆ, ಮೇಲಿನ ಕೆಳಗಿನ ಎರಡೂ ಅಂಕಿಗಳು ಏರುತ್ತವೆ.

ಇದರ ಜೊತೆಗೆ ಉಸಿರು ಬಿಗಿಹಿಡಿದರಂತೂ ಕೇಳುವುದೇ ಬೇಡ. 1985ರಲ್ಲಿ ಕೆನಡಾದ ಮ್ಯಾಕ್‌ಮಾಸ್ಟರ್ ವಿಶ್ವವಿದ್ಯಾಲಯದ ಸಂಶೋಧಕರು ಅನುಭವಸ್ಥ ದೇಹದಾರ್ಢ್ಯ ಪಟುಗಳ ಅಪಧಮನಿಯೊಳಗೇ ನಳಿಕೆ ಇಟ್ಟು ಒತ್ತಡ ಅಳೆದರು. ಎರಡೂ ಕಾಲುಗಳಿಂದ ಭಾರಿ ತೂಕವನ್ನು ಒತ್ತುವಾಗ ಸರಾಸರಿ ಒತ್ತಡ 320/250ರ ತನಕ ಹೋಗಿತ್ತು. ಒಬ್ಬನಲ್ಲಿ ಅದು 480/350ನ್ನೂ ದಾಟಿತ್ತು. ಅವರೆಲ್ಲ ಪಳಗಿದ ಯುವಕರು, ತಡೆದುಕೊಂಡರು. ಐವತ್ತು ದಾಟಿದ, ಬಿ.ಪಿ. ಇದ್ದೂ ಗೊತ್ತಿಲ್ಲದ ಗೃಹಸ್ಥರು ಹೊಸ ವರ್ಷದ ಉತ್ಸಾಹದಲ್ಲಿ ಜಿಮ್‌ಗೆ ಸೇರಿ, ಮೊದಲ ವಾರವೇ ಹಲ್ಲು ಕಚ್ಚಿ ಉಸಿರು ಬಿಗಿಹಿಡಿದು ಭಾರ ಎತ್ತುವುದು ನನಗೆ ಒಪ್ಪಿಗೆಯಾಗದ ಸಂಗತಿ. ರಕ್ತದೊತ್ತಡದ ಕಾಯಿಲೆ ಇರುವವರಲ್ಲಿ ಸ್ನಾಯುಗಳ ದೂರಿಗೆ ಸಿಗುವ ಪ್ರತಿಕ್ರಿಯೆಯೂ ಅತಿಯಾಗಿರುತ್ತದೆ.

ಜಿಮ್‌ಗೆ ಹೋಗದವರು ನಿಶ್ಚಿಂತರಾಗಬೇಕಿಲ್ಲ. ಗ್ಯಾಸ್ ಸಿಲಿಂಡರ್ ಎತ್ತುವಾಗ, ತುಂಬಿದ ಕೊಡ ಹೊರುವಾಗ, ಮಲಬದ್ಧತೆಯಿಂದ ಮುಕ್ಕುವಾಗ ಆಗುವುದೂ ಇದೇ. ಎತ್ತುವಾಗ ಉಸಿರು ಹೊರಗೆ ಬಿಡಿ, ಇಳಿಸುವಾಗ ಒಳಗೆ ತೆಗೆದುಕೊಳ್ಳಿ. ಹಗುರವಾದ ಭಾರದಿಂದ ಮೊದಲು ಮಾಡಿ. ಹೀಗೆ ಮಾಡಿದರೆ ಭಾರ ಎತ್ತುವ ವ್ಯಾಯಾಮವೂ ಹೃದಯಕ್ಕೆ ಒಳ್ಳೆಯದೇ.

ನಿಲ್ಲಿಸುವುದೂ ಒಂದು ವಿದ್ಯೆ

ನನ್ನ ಮುಖ್ಯ ಮಾತು ಇಲ್ಲಿದೆ. ನಮ್ಮಲ್ಲಿ ಓಡಲು ಹೇಳಿಕೊಡುವವರಿದ್ದಾರೆ, ನಿಲ್ಲಲು ಹೇಳಿಕೊಡುವವರಿಲ್ಲ.

ನೀವು ನಡೆಯುವಾಗ ಕಾಲಿನ ಸ್ನಾಯುಗಳು ಪ್ರತಿ ಹೆಜ್ಜೆಗೂ ಅಭಿಧಮನಿಗಳನ್ನು ಹಿಂಡಿ ರಕ್ತವನ್ನು ಮೇಲಕ್ಕೆ ತಳ್ಳುತ್ತಿರುತ್ತವೆ. ಇದು ಎರಡನೆಯ ಹೃದಯವಿದ್ದಂತೆ. ರಭಸವಾಗಿ ಓಡುತ್ತಿದ್ದವರು ಗಕ್ಕನೆ ನಿಂತರೆ ಈ ಪಂಪು ಆ ಕ್ಷಣವೇ ನಿಂತುಹೋಗುತ್ತದೆ. ಆದರೆ ಕಾಲಿನ ನಲ್ಲಿಗಳು ಇನ್ನೂ ತೆರೆದೇ ಇವೆ. ರಕ್ತ ಕಾಲಿನಲ್ಲೇ ಉಳಿಯುತ್ತದೆ, ಹೃದಯಕ್ಕೆ ಮರಳುವುದು ಕಡಿಮೆಯಾಗುತ್ತದೆ, ಒತ್ತಡ ಕುಸಿಯುತ್ತದೆ. ಶಾಲೆಯ ಆಟೋಟದ ದಿನ ಓಟ ಮುಗಿಸಿದ ಹುಡುಗ ಗೆರೆ ದಾಟಿ ನಿಂತಲ್ಲೇ ಕಣ್ಣು ಕತ್ತಲಿಟ್ಟು ಬೀಳುವುದು ಇದರಿಂದಲೇ. ಹುಡುಗ ಎದ್ದು ಓಡಾಡುತ್ತಾನೆ. ಹೃದಯದ ರಕ್ತನಾಳ ಮೊದಲೇ ಕಿರಿದಾಗಿರುವ ಅರವತ್ತರ ಹಿರಿಯರಿಗೆ ಈ ಕುಸಿತ ಅಷ್ಟು ಸುಲಭದ್ದಲ್ಲ. ಬೆಟ್ಟ ಹತ್ತಿದವರು ದೊಡ್ಡ ನಂದಿಯ ಹತ್ತಿರ ದಣಿವಾರಿಸಿಕೊಳ್ಳಲಿ, ಆದರೆ ಕಂಬದಂತೆ ನಿಲ್ಲದೆ ಒಂದೆರಡು ನಿಮಿಷ ಮೆಲ್ಲಗೆ ಓಡಾಡಿ ಆಮೇಲೆ ಕೂರಲಿ. ಬೆವರು ಆರುವ ಮುನ್ನವೇ ಬಿಸಿಬಿಸಿ ನೀರು ಸುರಿದುಕೊಳ್ಳುವುದೂ ಬೇಡ. ಚರ್ಮದ ರಕ್ತನಾಳಗಳೂ ಅರಳಿದರೆ ಒತ್ತಡ ಇನ್ನಷ್ಟು ಇಳಿಯುತ್ತದೆ.

ನಿಂತ ಮೇಲೆ ವೇಗಸ್ ನರ ಮತ್ತೆ ಲಗಾಮು ಹಿಡಿಯಬೇಕು. ಅದು ಎಷ್ಟು ಬೇಗ ಹಿಡಿಯುತ್ತದೆ ಎಂಬುದರಿಂದ ಆರೋಗ್ಯವನ್ನೇ ಅಳೆಯಬಹುದು. ಅಮೆರಿಕದ ಕ್ಲೀವ್‌ಲ್ಯಾಂಡ್ ಕ್ಲಿನಿಕ್‌ನಲ್ಲಿ 2,428 ಜನರನ್ನು ಗಮನಿಸಿದ ಅಧ್ಯಯನವೊಂದು 1999ರಲ್ಲಿ ಪ್ರಕಟವಾಯಿತು. ಟ್ರೆಡ್‌ಮಿಲ್ ಪರೀಕ್ಷೆಯಲ್ಲಿ ಪೂರ್ತಿ ದಣಿದ ನಂತರದ ಮೊದಲ ನಿಮಿಷದಲ್ಲಿ ನಾಡಿ 12ಕ್ಕಿಂತ ಹೆಚ್ಚು ಇಳಿಯದವರಲ್ಲಿ ಮುಂದಿನ ವರ್ಷಗಳಲ್ಲಿ ಸಾವಿನ ಪ್ರಮಾಣ ಹೆಚ್ಚಾಗಿತ್ತು. ನಾಡಿ ಎಷ್ಟು ಏರಿತು ಎಂದು ನಾವು ಕೈಗಡಿಯಾರ ನೋಡಿ ಗಾಬರಿಯಾಗುತ್ತೇವೆ. ಎಷ್ಟು ಬೇಗ ಇಳಿಯಿತು ಎಂದು ನೋಡುವುದೇ ಇಲ್ಲ. ಸಂತೋಷದ ಸಂಗತಿಯೆಂದರೆ, ದಿನವೂ ನಡೆಯುವವರಲ್ಲಿ ಈ ಇಳಿಕೆ ಸುಧಾರಿಸುತ್ತದೆ.

ಯಾರು ಹೆಚ್ಚು ಎಚ್ಚರ ವಹಿಸಬೇಕು?

ಬಹಳ ವರ್ಷಗಳಿಂದ ಸಕ್ಕರೆ ಕಾಯಿಲೆ ಇರುವವರಲ್ಲಿ ಈ ನರಗಳೇ ಸೊರಗಿರಬಹುದು. ಅಂಥವರ ನಾಡಿ ಕೂತಾಗಲೂ ಜೋರಾಗಿರುತ್ತದೆ, ನಡೆದಾಗ ಏರಬೇಕಾದಷ್ಟು ಏರುವುದಿಲ್ಲ. ಎದ್ದು ನಿಂತರೆ ತಲೆ ಸುತ್ತುತ್ತದೆ. ಹೃದಯಕ್ಕೆ ರಕ್ತ ಸಾಲದಿದ್ದರೂ ಎದೆನೋವು ಕಾಣಿಸಿಕೊಳ್ಳದೇ ಹೋಗಬಹುದು. ಅಟೆನೊಲಾಲ್, ಮೆಟೊಪ್ರೊಲಾಲ್‌ನಂಥ ಮಾತ್ರೆ ನುಂಗುವವರಲ್ಲಿ ಮಾತ್ರೆಯೇ ನಾಡಿಯನ್ನು ಹಿಡಿದಿಟ್ಟಿರುತ್ತದೆ. 220ರಿಂದ ವಯಸ್ಸು ಕಳೆದು ಗುರಿ ಇಟ್ಟುಕೊಳ್ಳುವ ಲೆಕ್ಕ ಇವರಿಗೆ ಹೊಂದುವುದಿಲ್ಲ. ನಡೆಯುತ್ತ ಮಾತಾಡಲು ಆಗಬೇಕು, ಹಾಡಲು ಆಗಬಾರದು. ಆ ವೇಗ ಸಾಕು.

ನಡೆಯುತ್ತಿರುವಾಗ ಎದೆ ಹಿಂಡಿದಂತಾಗುವುದು, ನೋವು ಎಡತೋಳಿಗೋ ದವಡೆಗೋ ಹಬ್ಬುವುದು, ತಣ್ಣನೆಯ ಬೆವರು, ಕಣ್ಣು ಕತ್ತಲಿಡುವುದು, ಇವುಗಳಲ್ಲಿ ಯಾವುದಾದರೂ ಕಂಡರೆ ಅಲ್ಲಿಗೇ ಬಿಟ್ಟು ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಟ್ರೆಡ್‌ಮಿಲ್ ಪರೀಕ್ಷೆಯಲ್ಲಿ ವೈದ್ಯರು ಹೆದರುವುದು ಒತ್ತಡ ಅಳತೆಯಲ್ಲಿ ಏರಿದಾಗ ಅಲ್ಲ. ಶ್ರಮ ಹೆಚ್ಚುತ್ತಿದ್ದರೂ ಅದು ಇಳಿಯತೊಡಗಿದಾಗ, ಇಲ್ಲವೆ 210ರ ಆಸುಪಾಸನ್ನೂ ಮೀರಿ ಹೋದಾಗ. ವಿಶ್ರಾಂತಿಯಲ್ಲಿರುವಾಗಲೇ ಒತ್ತಡ 180/110 ಮೀರಿದ್ದರೆ ಮೊದಲು ಚಿಕಿತ್ಸೆ, ಆಮೇಲೆ ಜಿಮ್.

ಇನ್ನು ಅವಸರದ ಮಾತು. 1993ರಲ್ಲಿ ಅಮೆರಿಕದಲ್ಲಿ ಹೃದಯಾಘಾತವಾದ 1,228 ಜನರನ್ನು ವಿಚಾರಿಸಿ ಒಂದು ಲೆಕ್ಕ ತೆಗೆದರು. ಅಪರೂಪಕ್ಕೂ ಮೈ ದಣಿಸದವರು ಒಮ್ಮೆಗೇ ಭಾರಿ ಶ್ರಮಕ್ಕೆ ಇಳಿದರೆ, ಮುಂದಿನ ಒಂದು ಗಂಟೆಯಲ್ಲಿ ಹೃದಯಾಘಾತದ ಸಂಭವ 107 ಪಟ್ಟು ಹೆಚ್ಚುತ್ತದೆ. ವಾರಕ್ಕೆ ಐದು ಸಲವಾದರೂ ಶ್ರಮದ ವ್ಯಾಯಾಮ ಮಾಡುವವರಲ್ಲಿ ಅದು 2.4 ಪಟ್ಟು ಮಾತ್ರ. ಆ ಒಂದು ಗಂಟೆಯ ಅಪಾಯ ಒಟ್ಟಿನಲ್ಲಿ ಚಿಕ್ಕದೇ, ನಿಜ. ಆದರೆ ಇದರ ಪಾಠ ದೊಡ್ಡದು. ಅಪಾಯ ಇರುವುದು ವ್ಯಾಯಾಮದಲ್ಲಲ್ಲ, ಅಭ್ಯಾಸವಿಲ್ಲದ ದೇಹವನ್ನು ಒಂದೇ ದಿನದಲ್ಲಿ ಪೈಲ್ವಾನನ ದೇಹ ಮಾಡಹೊರಡುವುದರಲ್ಲಿ.

ಆದ್ದರಿಂದ ಕೆಲವು ಸಲಹೆಗಳು. ಮೊದಲ ಐದು ನಿಮಿಷ ಮೆಲ್ಲಗೆ ನಡೆಯಿರಿ, ಕೊನೆಯ ಐದು ನಿಮಿಷ ಮತ್ತೆ ಮೆಲ್ಲಗೆ ನಡೆದು ನಿಲ್ಲಿಸಿ. ವಾರಕ್ಕೆ ಕನಿಷ್ಠ 150 ನಿಮಿಷ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಮಾತು. ಅದನ್ನು ಭಾನುವಾರ ಒಂದೇ ದಿನ ತೀರಿಸಲು ಹೋಗಬೇಡಿ. ಬಿಸಿಲಿನಲ್ಲಿ ಬೇಡ, ನೀರು ಕುಡಿದು ಹೊರಡಿ. ಬಿ.ಪಿ. ನೋಡಿಕೊಳ್ಳುವುದಾದರೆ ವ್ಯಾಯಾಮ, ಕಾಫಿ, ಸಿಗರೇಟು ಮುಗಿದು ಅರ್ಧ ಗಂಟೆ ಕಳೆದಿರಲಿ. ಬೆನ್ನಿಗೆ ಆಸರೆ ಕೊಟ್ಟು ಐದು ನಿಮಿಷ ಸುಮ್ಮನೆ ಕೂತ ಮೇಲೆ ನೋಡಿ. ಜಿಮ್ ನಡೆಸುವವರಲ್ಲಿ ನನ್ನದೊಂದು ಬೇಡಿಕೆ: ಶುಲ್ಕದ ರಸೀತಿ ಬರೆಯುವ ಮೊದಲು ಬಂದವರ ಬಿ.ಪಿ. ನೋಡಿ, ಭಾರ ಎತ್ತಿಸುವ ಮೊದಲು ಉಸಿರು ಬಿಡುವುದನ್ನು ಕಲಿಸಿ. ಇದಕ್ಕೆ ಖರ್ಚು ಹೆಚ್ಚಿಲ್ಲ. ಶಾಲೆಯ ಡ್ರಿಲ್ ಮೇಷ್ಟ್ರೂ ಓಟ ಮುಗಿಸಿದ ಮಕ್ಕಳನ್ನು ಕೂಡಲೇ ಸಾಲಿನಲ್ಲಿ ನಿಲ್ಲಿಸದೆ ಇನ್ನೊಂದು ಸುತ್ತು ನಡೆಸಲಿ.

ನಮ್ಮ ಮೇಷ್ಟ್ರಿಗೆ ಅಂದು ನಾನು ಹೊಸ ಮಾತ್ರೆ ಬರೆಯಲಿಲ್ಲ. ನಡೆದು ಬಂದು ಅರ್ಧ ಗಂಟೆ ಬಿಟ್ಟು ನೋಡಿಕೊಳ್ಳಲು ಹೇಳಿದೆ. ವ್ಯಾಯಾಮದ ನಂತರ ಕೆಲವು ಗಂಟೆಗಳ ಕಾಲ ಒತ್ತಡ ಮೊದಲಿಗಿಂತಲೂ ಕೆಳಗಿರುವುದುಂಟು. ತಿಂಗಳುಗಟ್ಟಲೆ ನಡೆದರೆ ಬಿ.ಪಿ. ಇರುವವರಲ್ಲಿ ಮೇಲಿನ ಅಂಕಿ ಸರಾಸರಿ 5ರಿಂದ 8 ಮಿ.ಮೀ. ಇಳಿಯುತ್ತದೆ. ಹದಿನೈದು ದಿನ ಬಿಟ್ಟು ಅವರು ಒಂದು ಚೀಟಿ ಹಿಡಿದು ಬಂದರು. ಗಣಿತದ ಮೇಷ್ಟ್ರಲ್ಲವೇ, ಗೆರೆ ಎಳೆದು ಎರಡು ಸಾಲು ಮಾಡಿದ್ದರು: ಹೊರಡುವ ಮುಂಚೆ 140, 138, 136. ಬಂದು ಅರ್ಧ ಗಂಟೆಗೆ 130, 128, 128. "ಡಾಕ್ಟ್ರೇ, ಲೆಕ್ಕ ಸರಿಯಾಗಿಯೇ ಇತ್ತು. ನೋಡಿದ ಹೊತ್ತು ತಪ್ಪಾಗಿತ್ತು" ಎಂದರು.

ನೀವೂ ನಾಳೆ ಬೆಳಿಗ್ಗೆ ಹೊರಡಿ. ಎದೆ ಡವಡವ ಎಂದರೆ ಹೆದರಬೇಡಿ. ಮನೆಗೆ ಬರುವಾಗ ಮಾತ್ರ ಹೆಜ್ಜೆ ನಿಧಾನವಾಗಲಿ.